ಜಿಂಬಾಬ್ವೆ: ಸೊನ್ನೆ ಅಳಿಸಿದರೂ ಅಳಿಯದ ಸಂಕಟ

ಜಿಂಬಾಬ್ವೆಯ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 5ರಂದು 'ಜಿಂಬಾಬ್ವೆ ಗೋಲ್ಡ್' ಎಂಬ ಹೊಸ ಕರೆನ್ಸಿಯನ್ನು ಘೋಷಿಸಿತು. ಜನರ ಬಾಯಲ್ಲಿ ಅದು 'ಜಿಗ್' ಆಯಿತು. ಅದೇ ತಿಂಗಳ 30ರಂದು ನೋಟುಗಳು ಚಲಾವಣೆಗೆ ಬಂದವು. ಚಿನ್ನ ಹಾಗೂ ವಿದೇಶಿ ವಿನಿಮಯದ ಬೆಂಬಲವಿರುವುದರಿಂದ ಈ ನೋಟು ಹಿಂದಿನವುಗಳಂತೆ ಬೆಲೆ ಕಳೆದುಕೊಳ್ಳದು ಎಂದು ಸರ್ಕಾರ ಭರವಸೆ ನೀಡಿತ್ತು. ಆದರೆ ಡಾಲರ್ ಒಂದಕ್ಕೆ 13.56 ಇದ್ದ ವಿನಿಮಯ ದರವನ್ನು ಸೆಪ್ಟೆಂಬರ್ 27ರಂದು ಸುಮಾರು 24.4ಕ್ಕೆ ನಿಗದಿಪಡಿಸಿ, ಬ್ಯಾಂಕೇ ತನ್ನ ನೋಟನ್ನು ಅಪಮೌಲ್ಯಗೊಳಿಸಬೇಕಾಯಿತು.

ಒಂದು ದೇಶದ ಜನ ತಮ್ಮದೇ ನೋಟನ್ನು ನಂಬಲು ಏಕೆ ಹಿಂಜರಿಯುತ್ತಾರೆ? ಉತ್ತರ ಟಂಕಸಾಲೆಯಲ್ಲಿಲ್ಲ, ಆ ದೇಶದ ಪಕ್ಷ ರಾಜಕೀಯದ ಚರಿತ್ರೆಯಲ್ಲಿದೆ.

ಮೊದಲ ಪೆಟ್ಟು

1980ರಲ್ಲಿ ಸ್ವಾತಂತ್ರ್ಯ ಪಡೆದಾಗ ಒಂದು ಜಿಂಬಾಬ್ವೆ ಡಾಲರ್‌ನ ಬೆಲೆ ಅಮೆರಿಕದ ಡಾಲರ್‌ಗಿಂತ ಹೆಚ್ಚಿತ್ತು. ತಂಬಾಕು, ಮೆಕ್ಕೆಜೋಳ ಮತ್ತು ಗಣಿಗಾರಿಕೆ ಆರ್ಥಿಕತೆಯ ಆಧಾರವಾಗಿದ್ದವು. ಆದರೆ ಫಲವತ್ತಾದ ಭೂಮಿಯ ಬಹುಪಾಲು ಕೆಲವೇ ಸಾವಿರ ಬಿಳಿಯ ಜಮೀನ್ದಾರರ ಕೈಯಲ್ಲಿ ಉಳಿದಿತ್ತು. ವಸಾಹತುಶಾಹಿ ಬಿಟ್ಟುಹೋದ ಈ ಅನ್ಯಾಯವೇ ಮುಂದಿನ ರಾಜಕೀಯಕ್ಕೆ ಇಂಧನವಾಯಿತು.

1997ರಲ್ಲಿ ವಿಮೋಚನಾ ಹೋರಾಟದ ಮಾಜಿ ಯೋಧರು ಪರಿಹಾರಕ್ಕಾಗಿ ಬೀದಿಗಿಳಿದರು. ಅಧ್ಯಕ್ಷ ರಾಬರ್ಟ್ ಮುಗಾಬೆ ಅವರು ತಲಾ 50 ಸಾವಿರ ಡಾಲರ್ ಹಾಗೂ ಮಾಸಾಶನ ನೀಡಲು ಒಪ್ಪಿದರು. ಬಜೆಟ್‌ನಲ್ಲಿ ಇದಕ್ಕೆ ಹಣ ಮೀಸಲಿರಲಿಲ್ಲ. ಅದೇ ವರ್ಷದ ನವೆಂಬರ್ 14ರಂದು ಜಿಂಬಾಬ್ವೆ ಡಾಲರ್ ಒಂದೇ ದಿನದಲ್ಲಿ ತನ್ನ ಮೌಲ್ಯದ ಶೇ. 70ಕ್ಕೂ ಹೆಚ್ಚು ಭಾಗವನ್ನು ಕಳೆದುಕೊಂಡಿತು. ಆ ದಿನವನ್ನು ಜನ ಇಂದಿಗೂ 'ಕರಾಳ ಶುಕ್ರವಾರ' ಎನ್ನುತ್ತಾರೆ. 1998ರಲ್ಲಿ ಕಾಂಗೋ ಯುದ್ಧಕ್ಕೆ ಸೇನೆ ಕಳುಹಿಸಿದ್ದು ಬೊಕ್ಕಸಕ್ಕೆ ಇನ್ನೊಂದು ಹೊರೆಯಾಯಿತು.

ಮತಪೆಟ್ಟಿಗೆ ಮತ್ತು ಮುದ್ರಣಯಂತ್ರ

1999ರಲ್ಲಿ ಕಾರ್ಮಿಕ ನಾಯಕ ಮಾರ್ಗನ್ ಸ್ವಾಂಗಿರಾಯ್ ನೇತೃತ್ವದಲ್ಲಿ ಎಂಡಿಸಿ ಎಂಬ ಪ್ರತಿಪಕ್ಷ ಜನ್ಮ ತಳೆಯಿತು. 2000ರ ಫೆಬ್ರುವರಿಯಲ್ಲಿ ಸರ್ಕಾರದ ಕರಡು ಸಂವಿಧಾನವನ್ನು ಜನಮತಗಣನೆಯಲ್ಲಿ ಮತದಾರರು ತಿರಸ್ಕರಿಸಿದರು. ಮುಗಾಬೆ ಅವರ ಝಾನು-ಪಿಎಫ್ ಪಕ್ಷಕ್ಕೆ ಅದು ಮೊದಲ ದೊಡ್ಡ ಸೋಲು. ಅದರ ಬೆನ್ನಿಗೇ ಮಾಜಿ ಯೋಧರಿಂದ ಜಮೀನು ಆಕ್ರಮಣ ಆರಂಭವಾಯಿತು. ಭೂಸುಧಾರಣೆ ಅಗತ್ಯವೇ ಆಗಿತ್ತು. ಆದರೆ ಅದು ನಡೆದ ರೀತಿಯಿಂದ ಕೃಷಿ ಉತ್ಪನ್ನ ಕುಸಿಯಿತು, ರಫ್ತು ಇಳಿಯಿತು, ತೆರಿಗೆ ವರಮಾನ ಬತ್ತಿತು.

ವರಮಾನ ಇಲ್ಲದ ಸರ್ಕಾರ ನೋಟು ಮುದ್ರಣದ ಮೊರೆಹೋಯಿತು. 2003ರ ಕೊನೆಯಲ್ಲಿ ಗವರ್ನರ್ ಆದ ಗಿಡಿಯನ್ ಗೊನೊ ಅವರ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಬೆಲೆ ಕಾಯುವ ಸಂಸ್ಥೆಯಾಗಿ ಉಳಿಯದೆ ಸರ್ಕಾರದ ಎರಡನೇ ಖಜಾನೆಯಾಯಿತು. ಬ್ಯಾಂಕೇ ಟ್ರ್ಯಾಕ್ಟರ್, ಕೊಯ್ಲುಯಂತ್ರಗಳನ್ನು ಖರೀದಿಸಿ ಹಂಚಿತು. ಹೀಗೆ ಬೆಳೆದ ಸಾಲವನ್ನು 2015ರಲ್ಲಿ ಪ್ರತ್ಯೇಕ ಕಾಯ್ದೆಯ ಮೂಲಕ ಸರ್ಕಾರ ತನ್ನ ಮೇಲೆ, ಅಂದರೆ ತೆರಿಗೆದಾರರ ಮೇಲೆ, ಹಾಕಿಕೊಂಡಿತು.

2007ರ ಜೂನ್‌ನಲ್ಲಿ ಬೆಲೆಗಳನ್ನು ಅರ್ಧಕ್ಕೆ ಇಳಿಸುವಂತೆ ಆಜ್ಞೆಯಾಯಿತು. ಪಾಲಿಸದ ಸಾವಿರಾರು ವ್ಯಾಪಾರಿಗಳ ಬಂಧನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ! ಬೆಲೆ ಇಳಿಯಲಿಲ್ಲ, ಅಂಗಡಿಗಳು ಖಾಲಿಯಾದವು.

2008ರ ಮಾರ್ಚ್ ಚುನಾವಣೆಯಲ್ಲಿ ಝಾನು-ಪಿಎಫ್ ಸಂಸತ್ತಿನಲ್ಲಿ ಬಹುಮತ ಕಳೆದುಕೊಂಡಿತು. ಅಧ್ಯಕ್ಷ ಸ್ಥಾನದ ಫಲಿತಾಂಶ ಹೊರಬೀಳಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ಸ್ವಾಂಗಿರಾಯ್, ಬೆಂಬಲಿಗರ ಮೇಲಿನ ಹಿಂಸಾಚಾರದ ಕಾರಣ ಎರಡನೇ ಸುತ್ತಿನಿಂದ ಹಿಂದೆ ಸರಿದರು. ನೋಟಿನ ಕಾಗದ ಪೂರೈಸುತ್ತಿದ್ದ ಜರ್ಮನಿಯ ಗೀಸೆಕ್ ಅಂಡ್ ಡೆವ್ರಿಯೆಂಟ್ ಕಂಪನಿ ಜುಲೈ ಆರಂಭದಲ್ಲಿ ಪೂರೈಕೆ ನಿಲ್ಲಿಸಿತು. ಆ ತಿಂಗಳ ಅಧಿಕೃತ ವಾರ್ಷಿಕ ಹಣದುಬ್ಬರ ಶೇ. 23 ಕೋಟಿ 11 ಲಕ್ಷ ದಾಟಿತ್ತು.

25 ಸೊನ್ನೆಗಳ ಕಥೆ

2006ರ ಆಗಸ್ಟ್‌ನಲ್ಲಿ ಮೂರು ಸೊನ್ನೆ, 2008ರ ಆಗಸ್ಟ್‌ನಲ್ಲಿ ಹತ್ತು, 2009ರ ಫೆಬ್ರುವರಿಯಲ್ಲಿ ಹನ್ನೆರಡು. ಹೀಗೆ 30 ತಿಂಗಳ ಅವಧಿಯಲ್ಲಿ ಜಿಂಬಾಬ್ವೆಯ ಕರೆನ್ಸಿಯಿಂದ ಒಟ್ಟು 25 ಸೊನ್ನೆಗಳನ್ನು ಅಳಿಸಲಾಯಿತು. 2009ರ ಜನವರಿಯಲ್ಲಿ ಬಂದ ನೋಟಿನ ಮುಖಬೆಲೆ 100 ಲಕ್ಷ ಕೋಟಿ ಡಾಲರ್. ಅರ್ಥಶಾಸ್ತ್ರಜ್ಞ ಸ್ಟೀವ್ ಹ್ಯಾಂಕೆ ಅವರ ಅಂದಾಜಿನ ಪ್ರಕಾರ 2008ರ ನವೆಂಬರ್‌ನಲ್ಲಿ ಬೆಲೆಗಳು ಸರಿಸುಮಾರು ದಿನಕ್ಕೊಮ್ಮೆ ದ್ವಿಗುಣಗೊಳ್ಳುತ್ತಿದ್ದವು.

ಅಂಕಿಗಳ ಈ ವಿನೋದದ ಹಿಂದೆ ದೊಡ್ಡ ದುರಂತವಿತ್ತು. ಜೀವಮಾನದ ಉಳಿತಾಯ, ಪಿಂಚಣಿ, ವಿಮೆ ಎಲ್ಲವೂ ಕರಗಿದವು. ಶಿಕ್ಷಕರ ತಿಂಗಳ ಸಂಬಳ ಬಸ್ ಚಾರ್ಜಿಗೂ ಸಾಲದಾಗಿ ಶಾಲೆಗಳು ಮುಚ್ಚಿದವು. ನೀರು ಪೂರೈಕೆ, ಆಸ್ಪತ್ರೆಗಳು ನೆಲಕಚ್ಚಿದ ಆ ದಿನಗಳಲ್ಲಿ ಹಬ್ಬಿದ ಕಾಲರಾ 4 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2015ರಲ್ಲಿ ಹಳೆಯ ಕರೆನ್ಸಿಯನ್ನು ಅಧಿಕೃತವಾಗಿ ರದ್ದುಗೊಳಿಸಿದಾಗ, ಬ್ಯಾಂಕ್ ಖಾತೆಯಲ್ಲಿದ್ದ 350 ಕೋಟಿ ಕೋಟಿ ಜಿಂಬಾಬ್ವೆ ಡಾಲರ್‌ಗೆ ನೀಡಿದ್ದು ಕೇವಲ ಒಂದು ಅಮೆರಿಕನ್ ಡಾಲರ್!

ಡಾಲರ್ ಬಂತು, ಹೋಯಿತು

2009ರ ಫೆಬ್ರುವರಿಯಲ್ಲಿ ಸಮ್ಮಿಶ್ರ ಸರ್ಕಾರ ಬಂತು. ಸ್ವಾಂಗಿರಾಯ್ ಪ್ರಧಾನಿಯಾದರು. ಅವರ ಪಕ್ಷದ ಟೆಂಡೈ ಬಿಟಿ ಹಣಕಾಸು ಸಚಿವರಾದರು. ವಿದೇಶಿ ಕರೆನ್ಸಿಯ ಬಳಕೆಗೆ ಆಗಲೇ ಅನುಮತಿ ದೊರೆತಿತ್ತು. ಸ್ಥಳೀಯ ನೋಟು ಮರೆಯಾಗುತ್ತಿದ್ದಂತೆಯೇ ಹಣದುಬ್ಬರ ನಿಂತಿತು. ಕಾರಣ ಸರಳ. ಅಮೆರಿಕದ ಡಾಲರನ್ನು ಹರಾರೆಯಲ್ಲಿ ಮುದ್ರಿಸಲಾಗದು, ಹಾಗಾಗಿ ಬಂದಷ್ಟರಲ್ಲೇ ಖರ್ಚು ಮಾಡಬೇಕಾಯಿತು. 2014ರ ಜನವರಿಯಲ್ಲಿ ಮಾನ್ಯ ಕರೆನ್ಸಿಗಳ ಪಟ್ಟಿಗೆ ಚೀನಾದ ಯುವಾನ್ ಜತೆಗೆ ಭಾರತದ ರೂಪಾಯಿಯನ್ನೂ ಸೇರಿಸಲಾಯಿತು ಎಂಬುದು ಇಲ್ಲಿ ಉಲ್ಲೇಖಾರ್ಹ. ಆದರೆ ವ್ಯವಹಾರ ನಡೆದದ್ದು ಮುಖ್ಯವಾಗಿ ಡಾಲರ್‌ನಲ್ಲೇ.

2013ರ ಚುನಾವಣೆಯಲ್ಲಿ ಝಾನು-ಪಿಎಫ್ ಭಾರೀ ಬಹುಮತದಿಂದ ಗೆದ್ದು ಮತ್ತೆ ಏಕಾಂಗಿಯಾಗಿ ಅಧಿಕಾರ ಹಿಡಿಯಿತು. ಖರ್ಚಿನ ಮೇಲಿನ ಹಿಡಿತ ಸಡಿಲಗೊಂಡಿತು. ಡಾಲರ್ ನೋಟುಗಳ ಅಭಾವ ಉಂಟಾಗಿ ಬ್ಯಾಂಕುಗಳ ಮುಂದೆ ಸರದಿ ಸಾಲು ಬೆಳೆಯಿತು. 2016ರ ನವೆಂಬರ್ 28ರಂದು 'ಬಾಂಡ್ ನೋಟು' ಬಂತು. ಅದು ಅಮೆರಿಕದ ಡಾಲರ್‌ಗೆ ಸಮ ಎಂದು ಸರ್ಕಾರ ಸಾರಿತು. ಕಾಳಸಂತೆ ಒಪ್ಪಲಿಲ್ಲ.

2017ರ ನವೆಂಬರ್‌ನಲ್ಲಿ ಸೇನೆಯ ಮಧ್ಯಪ್ರವೇಶದಿಂದ ಮುಗಾಬೆ ಪದಚ್ಯುತರಾಗಿ ಎಮರ್ಸನ್ ಮ್ನಂಗಾಗ್ವಾ ಅಧಿಕಾರಕ್ಕೆ ಬಂದರು. ಮುಖ ಬದಲಾಯಿತು, ಪಕ್ಷ ಬದಲಾಗಲಿಲ್ಲ. 2019ರ ಫೆಬ್ರುವರಿಯಲ್ಲಿ ಸಮಾನತೆಯ ಸೋಗನ್ನು ಸರ್ಕಾರ ಕೈಬಿಟ್ಟಿತು. ಡಾಲರ್ ಒಂದಕ್ಕೆ 2.5ರಂತೆ ವಿನಿಮಯ ಆರಂಭವಾಯಿತು. ಬ್ಯಾಂಕಿನಲ್ಲಿ 100 ಡಾಲರ್ ಇದೆ ಎಂದು ನಂಬಿದ್ದವನ ಬಳಿ ಉಳಿದದ್ದು 40 ಡಾಲರ್ ಮಾತ್ರ. ಹತ್ತು ವರ್ಷಗಳಲ್ಲಿ ಇದು ಎರಡನೇ ಬಾರಿಯ ಉಳಿತಾಯ ನಾಶ. 2019ರ ನವೆಂಬರ್‌ನಲ್ಲಿ ಹೊಸ ನೋಟು ಬಂತು. 2020ರ ಜುಲೈ ವೇಳೆಗೆ ಹಣದುಬ್ಬರ ಶೇ. 837 ತಲುಪಿತು.

ಯಾರ ತಪ್ಪು?

ಪಾಶ್ಚಾತ್ಯ ದೇಶಗಳ ನಿರ್ಬಂಧಗಳೇ ಸಂಕಟದ ಮೂಲ ಎಂಬುದು ಝಾನು-ಪಿಎಫ್ ವಾದ. ಅಮೆರಿಕ 2001ರಲ್ಲಿ, ಐರೋಪ್ಯ ಒಕ್ಕೂಟ 2002ರಲ್ಲಿ ಕ್ರಮ ಕೈಗೊಂಡಿದ್ದು ನಿಜ. ಸಾಲದ ಬಾಗಿಲು ಮುಚ್ಚಿದ್ದೂ ನಿಜ. ಪದೇ ಪದೇ ಕಾಡಿದ ಬರವನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಕರಾಳ ಶುಕ್ರವಾರ ಈ ನಿರ್ಬಂಧಗಳಿಗಿಂತ ಮೊದಲೇ ಬಂದಿತ್ತು. ನಿರ್ಬಂಧಗಳಿದ್ದಾಗಲೇ 2009ರಲ್ಲಿ ಹಣದುಬ್ಬರ ನಿಂತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಜಿಗ್ ಮುಂದಿರುವ ಪ್ರಶ್ನೆಯೂ ಇದೇ. ಕಮ್ಮಟದಲ್ಲಿ ಎಷ್ಟು ಚಿನ್ನವಿದೆ ಎಂಬುದಕ್ಕಿಂತ, ಚುನಾವಣೆ ಸಮೀಪಿಸಿದಾಗ 'ಇನ್ನು ಮುದ್ರಿಸುವುದಿಲ್ಲ' ಎಂದು ಆಳುವ ಪಕ್ಷಕ್ಕೆ ಹೇಳುವ ಧೈರ್ಯ ಗವರ್ನರ್‌ಗೆ ಇದೆಯೇ ಎಂಬುದನ್ನು ಜನ ನೋಡುತ್ತಾರೆ. ಸರ್ಕಾರವೇ 2030ರವರೆಗೆ ಅಮೆರಿಕದ ಡಾಲರ್ ಬಳಕೆಗೆ ಕಾನೂನಿನಲ್ಲಿ ಅವಕಾಶ ನೀಡಿದೆ. ಎರಡು ಬಾರಿ ಉಳಿತಾಯ ಕಳೆದುಕೊಂಡ ಹರಾರೆಯ ಗೃಹಸ್ಥ ನಾಳೆಗೆಂದು ಎತ್ತಿಡುವ ಹಣವನ್ನು ಡಾಲರ್‌ನಲ್ಲೇ ಇಡುತ್ತಾನೆ. ಜಿಗ್ ಆ ಡಬ್ಬಿಯೊಳಗೆ ಜಾಗ ಪಡೆದ ದಿನ ಮಾತ್ರ ಹೊಸ ನೋಟು ಗೆದ್ದಿತು ಎನ್ನಬಹುದು.