ಠಾವು ಮತ್ತು ಗುರುತು: ಟಿಪ್ಪಣಿ ಕೊಂಡಿಗಳ ಚರಿತ್ರೆ

‘ಬೇವುಲ್ಫ್’ ಕಾವ್ಯದ ಏಕೈಕ ಹಸ್ತಪ್ರತಿಯನ್ನು ವಿದ್ವಾಂಸರು ಇಂದಿಗೂ ‘ಕಾಟನ್ ವಿಟೆಲಿಯಸ್ ಎ 15’ ಎಂದೇ ಉಲ್ಲೇಖಿಸುತ್ತಾರೆ. ರಾಬರ್ಟ್ ಕಾಟನ್ (1571–1631) ಸಂಗ್ರಹದ ಬೀರುಗಳ ಮೇಲೆ ರೋಮನ್ ದೊರೆಗಳ ಪ್ರತಿಮೆಗಳಿದ್ದವು. ವಿಟೆಲಿಯಸ್‌ನ ಬೀರು, ಮೇಲಿನ ಹಲಗೆ, ಹದಿನೈದನೆಯ ಸಂಪುಟ ಎನ್ನುವುದಷ್ಟೇ ಆ ಹೆಸರಿನ ಅರ್ಥ. 1731ರ ಬೆಂಕಿಯಲ್ಲಿ ಸಂಗ್ರಹದ ಒಂದು ಭಾಗ ಹಾಳಾಯಿತು; ಉಳಿದದ್ದು ಬ್ರಿಟಿಷ್ ಮ್ಯೂಸಿಯಂ ಸೇರಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿ ವಿಟೆಲಿಯಸ್‌ನ ಬೀರು ಇಲ್ಲ, ಆದರೂ ಉಲ್ಲೇಖ ಕೆಟ್ಟಿಲ್ಲ. ಪ್ರತಿ ಸ್ಥಳಾಂತರದಲ್ಲೂ ಸೂಚಿಕಾರರು ಹಳೆಯ ಸಂಖ್ಯೆಯನ್ನು ಪುಸ್ತಕದ ಜೊತೆಗೇ ಸಾಗಿಸಿದ್ದರಿಂದ ಠಾವಿನ ಹೆಸರು ಗುರುತಾಗಿ ಉಳಿಯಿತು. ಸಾಗಿಸದಿದ್ದರೆ ಏನಾಗುತ್ತದೆಂದು ನಮ್ಮ ಶಾಸನ ಸಂಶೋಧಕರಿಗೆ ಗೊತ್ತು. ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದ ಮೇಲೆ, ಆವೃತ್ತಿ ಹೇಳದೆ ಬರೀ ತಾಲ್ಲೂಕು, ಸಂಖ್ಯೆ ಕೊಟ್ಟರೆ ಓದುಗ ಬೇರೆಯೇ ಶಾಸನ ತೆರೆದು ಕೂರುತ್ತಾನೆ.

ಕಂಪ್ಯೂಟರಿನಲ್ಲಿ ಫೈಲು ಸರಿಸಿದಾಗ ಟಿಪ್ಪಣಿಯ ಕೊಂಡಿ ತುಂಡಾಗುವುದು ಠಾವನ್ನೇ ಗುರುತೆಂದುಕೊಳ್ಳುವ ಇಂಥದೇ ಗೊಂದಲದಿಂದ. ಯುನಿಕ್ಸ್ 1970ರ ದಶಕದಲ್ಲೇ ಪ್ರತಿ ಫೈಲಿಗೂ ಐನೋಡ್ ಸಂಖ್ಯೆ ಕೊಟ್ಟಿತ್ತು. ಅದೇ ಡಿಸ್ಕಿನೊಳಗೆ ಎಲ್ಲಿಗೆ ಸರಿಸಿದರೂ ಆ ಸಂಖ್ಯೆ ಬದಲಾಗದು. ಆದರೆ 1983ರ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಲ್ಲಿ ಬಂದ ಸಿಂಬಾಲಿಕ್ ಲಿಂಕ್ ಸಂಖ್ಯೆಯನ್ನು ಬಿಟ್ಟು ದಾರಿಯನ್ನು, ಅಂದರೆ ಯಾವ ಫೋಲ್ಡರಿನೊಳಗೆ ಯಾವ ಹೆಸರು ಎಂಬುದನ್ನು, ಬರೆದಿಟ್ಟುಕೊಂಡಿತು. ಇದರಿಂದ ಬೇರೆ ಡಿಸ್ಕಿನ ಫೈಲನ್ನೂ ತೋರಿಸಲು ಸಾಧ್ಯವಾಯಿತು, ಫೈಲು ಸರಿದರೆ ಮಾತ್ರ ಕೊಂಡಿ ಕುರುಡು. 1991ರ ಮ್ಯಾಕಿಂಟಾಷ್ ಸಿಸ್ಟಂ 7ರ ‘ಅಲಿಯಾಸ್’ ಜಾಣತನದಿಂದ ಎರಡನ್ನೂ ಇಟ್ಟುಕೊಂಡಿತು. ವಿಂಡೋಸ್ 2000 ಕೂಡ ಎನ್‌ಟಿಎಫ್‌ಎಸ್ ಡಿಸ್ಕುಗಳಲ್ಲಿ ಸರಿದ ಫೈಲನ್ನು ಹಿಂಬಾಲಿಸುವ ವ್ಯವಸ್ಥೆ ತಂದಿತು. ಹಾಗಾದರೆ ಕೆಲಸ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. ಅನೇಕ ಎಡಿಟರುಗಳು ‘ಸೇವ್’ ಒತ್ತಿದಾಗ ಹೊಸ ಫೈಲು ಬರೆದು ಅದನ್ನು ಹಳೆಯದರ ಜಾಗಕ್ಕೆ ತಂದು ಕೂರಿಸುತ್ತವೆ. ಹೆಸರು ಅದೇ, ಐನೋಡ್ ಬೇರೆ. ಪೆನ್‌ಡ್ರೈವಿಗೆ ನಕಲು ಮಾಡಿದರೂ ಹಳೆಯ ಸಂಖ್ಯೆ ಜೊತೆಗೆ ಬರುವುದಿಲ್ಲ. ಆ ಗುರುತು ಡಿಸ್ಕಿನದು, ಬರಹದ್ದಲ್ಲ.

ಆದ್ದರಿಂದ ಗುರುತು ಬರಹದೊಳಗೇ ಇರಬೇಕು, ಯಾವುದು ಎಲ್ಲಿದೆ ಎನ್ನುವ ಪಟ್ಟಿ ಕಳೆದರೂ ಮತ್ತೆ ಕಟ್ಟುವಂತಿರಬೇಕು ಎನ್ನುವುದು ನನ್ನ ವಾದ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಎಂಬ ಟಿಪ್ಪಣಿ ತಂತ್ರಾಂಶದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಟಿಪ್ಪಣಿಯ ಶೀರ್ಷಿಕೆಯ ಕೆಳಗೇ ಸಾಮಾನ್ಯವಾಗಿ 36 ಅಕ್ಷರಗಳ ಐಡಿ ಇರುತ್ತದೆ. ಕೊಂಡಿ ತೋರಿಸುವುದು ಅದನ್ನು. ಯಾವ ಐಡಿ ಯಾವ ಫೈಲಿನಲ್ಲಿದೆ ಎಂಬ ಪಟ್ಟಿ ಹಳತಾದರೆ, ಫೈಲುಗಳನ್ನು ಮತ್ತೊಮ್ಮೆ ಓದಿಸಿ ಹೊಸದು ಮಾಡಿಸಬಹುದು. 2020ರಲ್ಲಿ ಬಂದ ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶದ್ದು ಬೇರೆ ಬಗೆ. ಅದರೊಳಗೇ ಟಿಪ್ಪಣಿಯ ಹೆಸರು ಬದಲಿಸಿದರೆ ಉಳಿದ ಟಿಪ್ಪಣಿಗಳ ಕೊಂಡಿಗಳನ್ನು ಅದು ತಿದ್ದಿಕೊಳ್ಳುತ್ತದೆ. ಹೊರಗಿನಿಂದ, ಫೈಲ್ ಮ್ಯಾನೇಜರಿನಲ್ಲಿ ಬದಲಿಸಿದರೆ ತಿದ್ದುವವರಿಲ್ಲ. ಕಾವಲುಗಾರ ಇರುವ ಹೊತ್ತಿನಲ್ಲೇ ಮನೆ ಖಾಲಿ ಮಾಡಬೇಕು ಎಂದಂತಾಯಿತು!

ಹುಡುಕುವ ಸೌಲಭ್ಯವಿರುವಾಗ ಕೊಂಡಿಯ ಉಸಾಬರಿ ಯಾಕೆ ಎನ್ನುವ ಆಕ್ಷೇಪ ನನಗೆ ಅಷ್ಟು ಗಟ್ಟಿ ಎನಿಸುವುದಿಲ್ಲ. ಹುಡುಕಾಟ ಪದ ಇರುವ ಕಡೆಗಳನ್ನೆಲ್ಲ ಮುಂದಿಡುತ್ತದೆ. ಬರೆದವರು ‘ಇದನ್ನೇ ನೋಡಿ’ ಎಂದದ್ದು ಕೊಂಡಿಯಲ್ಲಿ ಮಾತ್ರ ಉಳಿದಿರುತ್ತದೆ. ಗಟ್ಟಿ ಆಕ್ಷೇಪ ಬೇರೆ ಇದೆ: ಟಿಪ್ಪಣಿಯನ್ನು ನಕಲು ಮಾಡಿದರೆ ಐಡಿಯೂ ನಕಲಾಗಿ, ಒಂದೇ ಗುರುತಿಗೆ ಇಬ್ಬರು ವಾರಸುದಾರರು ಹುಟ್ಟುತ್ತಾರೆ. ಇದನ್ನು ಒಪ್ಪಲೇಬೇಕು, ಒಂದರ ಐಡಿಯನ್ನು ಕೈಯಾರೆ ಬದಲಿಸದೆ ಬೇರೆ ದಾರಿಯಿಲ್ಲ. ಚಿತ್ರ, ಪಿಡಿಎಫ್‌ಗಳೊಳಗೆ ಹೀಗೆ ಒಂದು ಸಾಲು ಸೇರಿಸುವುದೂ ಸುಲಭವಲ್ಲ. ಆರ್ಗ್ ಮೋಡ್ ಅವನ್ನು ಟಿಪ್ಪಣಿಯ ಐಡಿಯಿಂದಲೇ ಹೆಸರು ಪಡೆದ ಫೋಲ್ಡರಿನಲ್ಲಿ ಇರಿಸುತ್ತದೆ: ಮೊದಲ ಎರಡು ಅಕ್ಷರಕ್ಕೆ ಒಂದು ಫೋಲ್ಡರು, ಉಳಿದವಕ್ಕೆ ಅದರೊಳಗೆ ಇನ್ನೊಂದು. ಕಾಟನ್‌ನ ಬೀರು ಪುಸ್ತಕಕ್ಕೆ ಹೆಸರು ಕೊಟ್ಟಿತ್ತು. ಇಲ್ಲಿ ಹೆಸರೇ ಬೀರುವನ್ನು ಗೊತ್ತುಮಾಡುತ್ತದೆ. ಟಿಪ್ಪಣಿಯನ್ನು ಅದೇ ಜಾಗದ ಬೇರೆ ಫೈಲಿಗೆ ಸರಿಸಿದರೂ ಅದರ ಐಡಿ ಹಿಡಿದು ಈ ಫೋಲ್ಡರು ತಲುಪಬಹುದು. ಟಿಪ್ಪಣಿಯ ಹಂಗಿಲ್ಲದೆ ನೇರವಾಗಿ ಫೋಲ್ಡರು ತೆರೆದವರಿಗೆ ಮಾತ್ರ ಅದರೊಳಗಿನ ಚಿತ್ರ ಯಾವ ಬರಹದ್ದೆಂದು ತಿಳಿಯುವುದಿಲ್ಲ.