ಮೂರು ಬೆರಳಿನಷ್ಟು ಬಾಯಿ

ನಿಮ್ಮ ಕೈಯ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಆರೋಗ್ಯವಂತರ ಬಾಯಿ ಸಾಮಾನ್ಯವಾಗಿ ಅಷ್ಟು ತೆರೆಯುತ್ತದೆ. ಆದರೆ ಬಾಯಿ ಅಥವಾ ಗಂಟಲಿನ ಕ್ಯಾನ್ಸರನ್ನು ಗೆದ್ದು ಬಂದ ಅನೇಕರಿಗೆ ಒಂದು ಬೆರಳು ತೂರಿಸುವುದೂ ಕಷ್ಟ.

ಈ ಸಂಕಟ ಹೊಸದಲ್ಲ. ಮನೋವಿಶ್ಲೇಷಣೆಯ ಜನಕನೆನಿಸಿದ ಸಿಗ್ಮಂಡ್ ಫ್ರಾಯ್ಡರಿಗೆ 1923ರಲ್ಲಿ, ಅವರ 67ನೆಯ ವಯಸ್ಸಿನಲ್ಲಿ, ಬಾಯಿಯ ಕ್ಯಾನ್ಸರ್ ತಗುಲಿತು. ವಿಯೆನ್ನಾದ ಶಸ್ತ್ರವೈದ್ಯ ಹಾನ್ಸ್ ಪಿಖ್ಲರ್ ಅವರ ಬಲ ಮೇಲ್ದವಡೆ ಹಾಗೂ ಅಂಗುಳಿನ ಬಹುಭಾಗವನ್ನು ತೆಗೆದರು. ಆ ಕುಳಿಯನ್ನು ಮುಚ್ಚಲು ದೊಡ್ಡದೊಂದು ಕೃತಕ ದವಡೆಯನ್ನು ಅಳವಡಿಸಲಾಯಿತು. ಬಾಯಿ ಸರಿಯಾಗಿ ತೆರೆಯದೆ ಅದನ್ನು ತೆಗೆದು ಹಾಕುವುದೇ ಒಂದು ಹೋರಾಟವಾಯಿತು. ಆ ಶುಶ್ರೂಷೆಗೆ ಮಗಳು ಅನ್ನಾ ನೆರವಾದರು. ಚುಟ್ಟಾದ ಚಟ ಬಿಡದ ಫ್ರಾಯ್ಡ್, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಿಂದ ಹಲ್ಲುಗಳನ್ನು ಅಗಲಿಸಿಕೊಂಡು ಅದನ್ನು ಬಾಯಿಗಿಡುತ್ತಿದ್ದರಂತೆ. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೆ, ಹದಿನಾರು ವರ್ಷ ಅವರು ಈ ನೋವಿನೊಡನೆ ಬಾಳಿದರು.

ದವಡೆ ಬಿಗಿಯುವುದೇಕೆ? ಶಸ್ತ್ರಚಿಕಿತ್ಸೆಯ ಗಾಯ ಮಾಯುವಾಗ ಅಂಗಾಂಶ ಕುಗ್ಗುತ್ತದೆ. ವಿಕಿರಣವು ಅಗಿಯುವ ಸ್ನಾಯುಗಳನ್ನು ನಾರಿನಂತೆ ಗಡುಸಾಗಿಸುತ್ತದೆ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಈ ಬಿಗಿತ ಹೆಚ್ಚಬಹುದು. ನೋವಿಗೆ ಹೆದರಿ ಬಾಯಿ ಆಡಿಸದಿದ್ದರೆ ಕೀಲೂ ಬಿಗಿಯುತ್ತದೆ. ಊಟ, ಮಾತು, ಹಲ್ಲುಜ್ಜುವುದು ಎಲ್ಲವೂ ಕುಂಠಿತವಾಗುತ್ತವೆ. ವೈದ್ಯರು ಬಾಯೊಳಗೆ ಪರೀಕ್ಷಿಸುವುದೂ ದುಸ್ತರವಾಗುತ್ತದೆ. ಹಲ್ಲುಗಳ ನಡುವಿನ ತೆರವು 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ದವಡೆ ಬಿಗಿತವೆಂದು ಪರಿಗಣಿಸಬೇಕೆಂದು ಡಚ್ ಸಂಶೋಧಕರು 2006ರಲ್ಲಿ ಸೂಚಿಸಿದರು.

ಪರಿಹಾರಕ್ಕಾಗಿ ವೈದ್ಯರು ಬಹುಕಾಲ ನೆಚ್ಚಿದ್ದು, ಗಂಟಲು ನೋಡಲು ಬಳಸುವ ತೆಳುವಾದ ಮರದ ಪಟ್ಟಿಗಳನ್ನು. ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಗಳೆದಂತೆ ಒಂದೊಂದನ್ನೇ ಹೆಚ್ಚಿಸುವುದು ಕ್ರಮ. ಬಳಿಕ ಕೈಯಿಂದ ಒತ್ತಿ ದವಡೆ ತೆರೆಸುವ ಉಪಕರಣ ಬಂದಿತು. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಸಣ್ಣದೊಂದು ಅಧ್ಯಯನದಲ್ಲಿ ಆ ಉಪಕರಣವೇ ಮೇಲೆನಿಸಿತು. ಆದರೆ 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಅಗ್ಗದ ಮರದ ಪಟ್ಟಿಗಳು ದುಬಾರಿ ಉಪಕರಣಕ್ಕಿಂತ ಕಡಿಮೆಯೇನೂ ಅಲ್ಲವೆಂದು ಕಂಡುಬಂತು. ಬಡವನ ಕೈಗೆಟುಕುವ ಸಾಧನವೂ ಸಾರ್ಥಕವೆಂಬುದು ಸಣ್ಣ ಸಮಾಧಾನವಲ್ಲ.

ಹೊಗೆಸೊಪ್ಪು, ಗುಟ್ಕಾಗಳಿಂದ ಬಾಯಿಯ ಕ್ಯಾನ್ಸರಿಗೆ ತುತ್ತಾದವರು ನಮ್ಮ ನಾಡಿನಲ್ಲೂ ಅನೇಕರಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಬಾಯಿ ಪೂರ್ತಿ ಬಿಗಿಯುವವರೆಗೆ ಕಾಯಬೇಡಿ. ಚಿಕಿತ್ಸೆಯ ಆರಂಭದಲ್ಲೇ ವ್ಯಾಯಾಮದ ಬಗ್ಗೆ ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಕೇಳಿ. ಅವರು ಹೇಳಿಕೊಟ್ಟಂತೆ ದಿನಕ್ಕೆ ಹಲವು ಸಲ, ಮೆಲ್ಲಗೆ ಮಾಡಿಸಿ; ಬಲವಂತ ಸಲ್ಲದು. ತೆರೆಯುತ್ತಿದ್ದ ಬಾಯಿ ಹಠಾತ್ತನೆ ಮತ್ತೆ ಬಿಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಏಕೆಂದರೆ ರೋಗ ಮರುಕಳಿಸಿರಲೂಬಹುದು.

ಪ್ರಗತಿ ಇಲ್ಲಿ ಮಿಲಿಮೀಟರುಗಳಲ್ಲಿ ಬರುತ್ತದೆ. ಬೇಸತ್ತು ಕುಳಿತ ರೋಗಿಯ ಪಕ್ಕದಲ್ಲಿ ಕುಳಿತು, 'ಇನ್ನೊಮ್ಮೆ ಪ್ರಯತ್ನಿಸೋಣ' ಎನ್ನುವವರೊಬ್ಬರು ಬೇಕು. ಆ ಒಬ್ಬರು ನೀವಾಗಬಹುದು.