ಭೀಮಾತೀರದ ಎರಡು ವಲಸೆಗಳು

ಪ್ರತಿವರ್ಷ ಸೆಪ್ಟೆಂಬರ ತಿಂಗಳು ಬಂದಿತೆಂದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಒಂದು ಹಳೆಯ ವಾದವು ಮರಳಿ ತಲೆಯೆತ್ತುತ್ತದೆ. ಅದು ಅಗಸಿಯ ಕಟ್ಟೆಯಲ್ಲಿ ನಡೆಯುವುದುಂಟು, ಪಡಸಾಲೆಯಲ್ಲಿ ನಡೆಯುವುದುಂಟು. ಒಂದೇ ಮನೆಯ ತಂದೆ ಮಕ್ಕಳ ನಡುವೆ ನಡೆಯುವುದೂ ಉಂಟು. ಹೈದರಾಬಾದ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿದ ದಿನವನ್ನು ಏನೆಂದು ಕರೆಯಬೇಕು, ಆ ದಿನಗಳಲ್ಲಿ ಅನ್ಯಾಯ ಮಾಡಿದವರು ಯಾರು, ಅನ್ಯಾಯಕ್ಕೆ ಒಳಗಾದವರು ಯಾರು ಎಂಬುದೇ ಆ ವಾದದ ವಿಷಯ. ಒಂದು ಪಕ್ಷದವರು ಕಥೆಯನ್ನು 1947 ರಲ್ಲಿ ಆರಂಭಿಸಿ 1948 ನೆಯ ಸೆಪ್ಟೆಂಬರ 17 ಕ್ಕೆ ಮುಗಿಸಿಬಿಡುತ್ತಾರೆ. ಇನ್ನೊಂದು ಪಕ್ಷದವರು ಅದರ ಮರುದಿನದಿಂದ ಕಥೆಯನ್ನು ಆರಂಭಿಸುತ್ತಾರೆ. ಎರಡೂ ಪಕ್ಷದವರು ಹೇಳುವುದರಲ್ಲಿ ಸತ್ಯವುಂಟು. ಆದರೆ ಇಬ್ಬರೂ ನೂಲನ್ನು ಒಂದೇ ಸ್ಥಳದಲ್ಲಿ ಹರಿಯುವುದರಿಂದ ಬಟ್ಟೆಯ ಪೂರ್ಣಸ್ವರೂಪವು ಯಾರಿಗೂ ಕಾಣದಾಗಿದೆ. ಈ ಎರಡು ತುಂಡುಗಳನ್ನು ಒಂದೆಡೆಯಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ಥಿತಿಯನ್ನು ವಿಚಾರಿಸೋಣ. ಈ ಮೂರು ತಾಲೂಕುಗಳೂ ನಿಜಾಮ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿದ್ದವು. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟ. ಅಫಜಲಪುರಕ್ಕೆ ಎದುರಾಗಿ ಭೀಮೆಯಾಚೆ ಇಂಡಿ ಮತ್ತು ಸಿಂದಗಿಯ ಸೀಮೆ. ಜೇವರ್ಗಿಯ ಪಶ್ಚಿಮಕ್ಕೂ ಸಿಂದಗಿಯೇ. ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯವು; ಅಕ್ಕಲಕೋಟವು ಚಿಕ್ಕ ಸಂಸ್ಥಾನವಾಗಿದ್ದು 1948 ನೆಯ ಮಾರ್ಚದಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಗಡಿಯ ಎರಡೂ ಬದಿಯಲ್ಲಿ ಆಡುವ ಭಾಷೆ ಒಂದೇ, ಬೆಳೆಯುವ ಜೋಳ ಒಂದೇ, ಬೀಗತನವೂ ಒಂದೇ. ಬೇರೆಯಾಗಿದ್ದುದು ಆಳಿಕೆ ಮತ್ತು ಕರೋಡಗಿರಿ ನಾಕೆ ಮಾತ್ರ. ಸಂತೆಗೆ ಹೋಗಿಬರುವವನು ದಾಟುತ್ತಿದ್ದ ಗೆರೆಯು 1947 ನೆಯ ಆಗಸ್ಟ 15 ರ ತರುವಾಯ ಎರಡು ರಾಜ್ಯಗಳ ಸರಹದ್ದಾಯಿತು.

ನಿಜಾಮರಾದ ಮೀರ ಉಸ್ಮಾನ ಅಲೀಖಾನರು ಒಕ್ಕೂಟವನ್ನು ಸೇರಲು ಒಪ್ಪಲಿಲ್ಲ. 1938 ರಲ್ಲಿ ಹುಟ್ಟುತ್ತಲೇ ನಿಷೇಧಕ್ಕೆ ಒಳಗಾಗಿ, 1946 ರಲ್ಲಿ ಆ ಬಂಧನದಿಂದ ಬಿಡುಗಡೆ ಹೊಂದಿದ್ದ ಹೈದರಾಬಾದ ಸ್ಟೇಟ ಕಾಂಗ್ರೆಸ್ಸು ವಿಲೀನಕ್ಕಾಗಿ ಚಳವಳಿಯನ್ನು ಹೂಡಿತು. ಅದರ ಮುಂದಾಳುಗಳಾದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು 1903 ರಲ್ಲಿ, ನಮ್ಮ ಎದುರುದಂಡೆಯ ಸಿಂದಗಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. 1947 ನೆಯ ನವೆಂಬರ 29 ರಂದು ಒಂದು ವರ್ಷದ ಅವಧಿಗಾಗಿ ಯಥಾಸ್ಥಿತಿ ಒಪ್ಪಂದವಾಯಿತಾದರೂ ನೆಲದ ಮೇಲೆ ಯಥಾಸ್ಥಿತಿಯು ಉಳಿಯಲಿಲ್ಲ. ಲಾತೂರಿನ ವಕೀಲನಾದ ಕಾಸೀಮ ರಜವಿಯ ಮುಂದಾಳುತನದಲ್ಲಿ ರಜಾಕಾರರೆಂಬ ಸ್ವಯಂಸೇವಕ ದಂಡು ಬೆಳೆಯಿತು. ಇತ್ತ ಒಕ್ಕೂಟದ ಸೀಮೆಯಲ್ಲಿ, ಗಡಿಯುದ್ದಕ್ಕೂ ಚಳವಳಿಗಾರರ ಶಿಬಿರಗಳು ನಿಂತವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಯಿಸಿದ ಶಿಬಿರಗಳು ಪ್ರಸಿದ್ಧವಾಗಿವೆ. ನಮ್ಮ ಭಾಗಕ್ಕೆ ಎದುರಾದ ಸೊಲ್ಲಾಪುರ, ವಿಜಾಪುರ ಜಿಲ್ಲೆಗಳ ಗಡಿಯಲ್ಲಿಯೂ ಇಂಥವು ಇದ್ದವು. ಶಿಬಿರದವರು ನಾಕೆಗಳನ್ನೂ ಪೊಲೀಸ ಠಾಣೆಗಳನ್ನೂ ಹೊಡೆಯುವರು; ಅದರ ಸೇಡನ್ನು ರಜಾಕಾರರು ಹಳ್ಳಿಗರ ಮೇಲೆ ತೀರಿಸಿಕೊಳ್ಳುವರು. ನಡುವೆ ಸಿಕ್ಕವನು ಒಕ್ಕಲಿಗ.

ಮೊದಲನೆಯ ವಲಸೆಯು ಆದದ್ದು ಈ ಕಾಲದಲ್ಲಿ. 1948 ನೆಯ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ದೊಡ್ಡ ಹತ್ಯಾಕಾಂಡವಾಯಿತು. ಅದೇ ತಿಂಗಳ 22 ರಂದು ಮದ್ರಾಸ-ಮುಂಬಯಿ ಮೇಲ ಗಾಡಿಯು ನಮ್ಮ ಗಾಣಗಾಪುರ ನಿಲ್ದಾಣದಲ್ಲಿ ದಾಳಿಗೆ ಗುರಿಯಾಗಿ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ದತ್ತಾತ್ರೇಯನ ದರ್ಶನಕ್ಕೆ ಬರುವವರು ಇಳಿಯುವ ನಿಲ್ದಾಣವು ಹೀಗೆ ಭಯದ ಹೆಸರಾಯಿತು. ಹಣವುಳ್ಳವರು ರೈಲುಗಾಡಿಯಿಂದ ಸೊಲ್ಲಾಪುರಕ್ಕೆ ಹೋದರು; ಇಲ್ಲದವರು ಬಂಡಿ ಹೂಡಿಕೊಂಡು ಬೀಗರ ಊರುಗಳನ್ನು ಸೇರಿದರು. ಬಿತ್ತುವ ಕಾಲಕ್ಕೆ ಬಿತ್ತದೆ ಉಳಿದ ಹೊಲ, ಕದವಿಕ್ಕಿದ ಮನೆ, ಪರರ ಓಣಿಯಲ್ಲಿ ಕೂಲಿಯ ಬದುಕು: ಈ ನೆನಪುಗಳು ಇಂದಿಗೂ ನಮ್ಮಲ್ಲಿಯ ಅನೇಕ ಮನೆತನಗಳಲ್ಲಿ ಉಳಿದುಕೊಂಡಿವೆ. ಇದೇ ಕಾಲದಲ್ಲಿ ಎದುರುದಿಕ್ಕಿನಿಂದಲೂ ಒಂದು ಪ್ರವಾಹವು ಹರಿಯುತ್ತಿದ್ದಿತೆಂಬುದನ್ನು ನಾವು ಮರೆಯುತ್ತೇವೆ. ದೇಶ ವಿಭಜನೆಯ ಗಲಭೆಗಳಿಗೆ ಹೆದರಿ ಮಧ್ಯಪ್ರಾಂತ, ವರ್ಹಾಡ, ಮುಂಬಯಿ ಪ್ರಾಂತಗಳ ಮುಸಲ್ಮಾನ ಕುಟುಂಬಗಳು ಆಶ್ರಯವನ್ನರಸಿ ನಿಜಾಮರ ಸೀಮೆಗೆ ಬಂದವು. ಅವರಲ್ಲಿ ಅನೇಕರು ಒಂದೇ ವರ್ಷದಲ್ಲಿ ಎರಡನೆಯ ಸಲ ಅನಾಥರಾಗುವವರಿದ್ದರು.

ಸೆಪ್ಟೆಂಬರ 13 ರಂದು ಒಕ್ಕೂಟದ ಸೈನ್ಯವು ಸೊಲ್ಲಾಪುರದ ಕಡೆಯಿಂದ ಒಳಹೊಕ್ಕು ಅಂದೇ ನಳದುರ್ಗವನ್ನು ಹಿಡಿಯಿತು. 17 ರಂದು ನಿಜಾಮರು ಕದನವನ್ನು ನಿಲ್ಲಿಸಿದರು. 18 ರಂದು ಸಂಸ್ಥಾನದ ಸೇನಾನಿ ಎಲ್ ಎದ್ರೂಸರು ಮೇಜರ ಜನರಲ ಜೆ. ಎನ್. ಚೌಧುರಿಯವರಿಗೆ ಶರಣಾದರು. ಸುಮಾರು 1 ಕೋಟಿ 63 ಲಕ್ಷ ಜನರಿದ್ದ ಸಂಸ್ಥಾನವು ಐದು ದಿನಗಳಲ್ಲಿ ಕೈಬದಲಾಯಿತು. ಗಡಿಯಾಚೆ ಹೋಗಿದ್ದವರು ಬಂಡಿಗಳನ್ನು ಮರಳಿ ತಿರುಗಿಸಿದರು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಎಷ್ಟೋ ಚೆನ್ನಾಗುತ್ತಿತ್ತು. ಆದರೆ ಹಳೆಯ ಆಳಿಕೆಯು ಅಳಿದು ಹೊಸ ಆಳಿಕೆಯು ಬೇರೂರುವ ಮೊದಲಿನ ಆ ವಾರಗಳಲ್ಲಿ ಸೇಡು, ಲೂಟಿ, ಕೊಲೆಗಳು ಹಬ್ಬಿದವು. ಭಾರತ ಸರ್ಕಾರವೇ ಪಂಡಿತ ಸುಂದರಲಾಲ, ಕಾಜಿ ಅಬ್ದುಲ ಗಫಾರ ಮೊದಲಾದವರ ಮಂಡಲಿಯನ್ನು ಕಳುಹಿಸಿತು. ಅವರು ನವೆಂಬರ ಕೊನೆಯಿಂದ ಡಿಸೆಂಬರ 21 ರ ವರೆಗೆ ಸಂಸ್ಥಾನದಲ್ಲಿ ಸಂಚರಿಸಿ ವರದಿ ಬರೆದರು. ಮಡಿದವರ ಸಂಖ್ಯೆ 27 ರಿಂದ 40 ಸಹಸ್ರದ ವರೆಗೆ ಇರಬಹುದೆಂದು ಅವರ ಅಂದಾಜು. ಅತ್ಯಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಾಗಿ ಅವರು ಹೆಸರಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಎಂದರೆ ನಮ್ಮ ಜಿಲ್ಲೆಯು ಆ ಪಟ್ಟಿಯಲ್ಲಿ ಸೇರಿದೆ. ಮಡಿದವರಲ್ಲಿ ಬಹುತೇಕರು ಮುಸಲ್ಮಾನರು. ಬದುಕಿದವರಲ್ಲಿ ಅನೇಕರು ಹಳ್ಳಿಯನ್ನು ಬಿಟ್ಟು ಪಟ್ಟಣಗಳಿಗೂ ಹೈದರಾಬಾದ ನಗರಕ್ಕೂ ಹೋದರು. ಕೆಲವರು ಪಾಕಿಸ್ತಾನಕ್ಕೂ ಹೋದರು. ಇದು ಎರಡನೆಯ ವಲಸೆ. ಮೊದಲು ಹೋದವರು ಬಹುಮಟ್ಟಿಗೆ ಮರಳಿ ಬಂದರು. ಎರಡನೆಯ ಸಲ ಹೋದವರಲ್ಲಿ ಎಷ್ಟೋ ಜನ ಮರಳಲಿಲ್ಲ.

ಈ ವರದಿಯನ್ನು ಸರ್ದಾರ ಪಟೇಲರು ಒಪ್ಪಲಿಲ್ಲ. ಸರ್ಕಾರವು ಪ್ರಕಟಿಸಲೂ ಇಲ್ಲ. 1988 ರಲ್ಲಿ ಅದರ ಭಾಗಗಳು ಒಂದು ಗ್ರಂಥದಲ್ಲಿ ಅಚ್ಚಾದವು; ಈಚೆಗೆ ಅದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅಭ್ಯಾಸಿಗಳಿಗೆ ದೊರೆಯುವಂತಾಯಿತು. ಬಹುಕಾಲ ಮುಚ್ಚಿಟ್ಟುದರ ಪರಿಣಾಮವೇನಾಯಿತೆಂದರೆ, ಒಬ್ಬರು ಅದನ್ನು ಓದದೆಯೇ ಸುಳ್ಳೆನ್ನುವರು, ಮತ್ತೊಬ್ಬರು ಓದದೆಯೇ ವೇದವಾಕ್ಯವೆನ್ನುವರು. ಓದಿದವನಿಗೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ರಜಾಕಾರರು ಊರೂರಿನ ಮೇಲೆ ತಿಂಗಳ ವಂತಿಗೆಯನ್ನು ಹೇರುತ್ತಿದ್ದುದೂ, ಕೊಡದ ಊರನ್ನು ಸುಲಿಯುತ್ತಿದ್ದುದೂ ಅದೇ ವರದಿಯಲ್ಲಿದೆ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಕೂಡಿದರೆಂಬುದೂ ಅದರಲ್ಲಿದೆ. ಅನೇಕ ಅಧಿಕಾರಿಗಳು ನ್ಯಾಯದಿಂದ ನಡೆದುಕೊಂಡರೆಂಬ ಪ್ರಶಂಸೆಯೂ ಅದರಲ್ಲಿದೆ. ನೆರೆಯ ಮುಸಲ್ಮಾನರನ್ನು ಪ್ರಾಣದ ಹಂಗು ತೊರೆದು ಕಾಯ್ದ ಹಿಂದೂಗಳ ಉಲ್ಲೇಖವಿದೆ. ಅದರಲ್ಲಿಯೂ ನೇಕಾರರ ವಿಷಯವು ಮನಸ್ಸಿನಲ್ಲಿ ನಿಲ್ಲುವಂತಹದು: ಹಿಂದೂ ನೇಕಾರರು ತಮ್ಮ ಕಸಬಿನ ಮುಸಲ್ಮಾನ ನೇಕಾರರ ಪರವಾಗಿ ನಿಂತು, ಕೆಲವೆಡೆ ತಾವೇ ಜೀವ ತೆತ್ತರೆಂದು ಮಂಡಲಿಯವರು ಬರೆದಿದ್ದಾರೆ. ಒಂದೇ ಓಣಿಯಲ್ಲಿ ಮಗ್ಗ ಹೂಡಿದವರಿಗೆ ಮತಕ್ಕಿಂತ ಮಗ್ಗವು ಹತ್ತಿರವಾಗಿತ್ತು.

ಇನ್ನು ವಾದದಲ್ಲಿ ಪದೇ ಪದೇ ಆಗುವ ಮೂರು ತಪ್ಪುಗಳನ್ನು ಹೇಳಬೇಕಾಗಿದೆ. ರಜಾಕಾರನೆಂದರೆ ಮುಸಲ್ಮಾನ, ಮುಸಲ್ಮಾನನೆಂದರೆ ರಜಾಕಾರ ಎಂಬುದು ಮೊದಲನೆಯ ತಪ್ಪು. ವಿಲೀನದ ಪರವಾಗಿ ಬರೆದ ಉರ್ದು ಪತ್ರಿಕೆ 'ಇಮ್ರೋಜ'ದ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948 ನೆಯ ಆಗಸ್ಟದಲ್ಲಿ ಹೈದರಾಬಾದಿನಲ್ಲಿ ಕೊಂದರು. ಅತ್ತ ನಿಜಾಮರ ಕೊನೆಯ ಮಂತ್ರಿಮಂಡಲದಲ್ಲಿ ಪಿಂಗಳೆ ವೆಂಕಟರಾಮರೆಡ್ಡಿ, ಬಿ. ಎಸ್. ವೆಂಕಟರಾವ ಎಂಬ ಹಿಂದೂ ಮಂತ್ರಿಗಳೂ ಇದ್ದರು. ಆದಕಾರಣ ಆ ಗೆರೆಯು ಮತವನ್ನು ಅನುಸರಿಸಿಯೇ ಎಳೆದದ್ದಲ್ಲ.

ಮೊದಲಿನ ಅನ್ಯಾಯವು ಎರಡನೆಯದಕ್ಕೆ ಸಮಾಧಾನವೆಂದು ತಿಳಿಯುವುದು ಎರಡನೆಯ ತಪ್ಪು. ಗೋರಟಾದಲ್ಲಿ ಕೊಂದವರೂ ಸೆಪ್ಟೆಂಬರದ ಕೊನೆಗೆ ಬೇರೊಂದು ಹಳ್ಳಿಯಲ್ಲಿ ಸತ್ತವರೂ ಒಂದೇ ಜನರಲ್ಲ. ಸಾಲ ಮಾಡಿದವನೊಬ್ಬ, ವಸೂಲಿಗೆ ಸಿಕ್ಕವನೊಬ್ಬ ಎಂದಾದರೆ ಅದು ನ್ಯಾಯವಾಗದು. ಹಾಗೆಯೇ, ಎರಡನೆಯ ಅನ್ಯಾಯವನ್ನು ಎತ್ತಿ ಹೇಳಿ ಮೊದಲಿನದನ್ನು ಇಲ್ಲವೆನ್ನುವುದೂ ಅದೇ ಜಾತಿಯ ಲೆಕ್ಕ.

ಹೆಸರಿನ ಜಗಳವೇ ಇತಿಹಾಸವೆಂದು ಭಾವಿಸುವುದು ಮೂರನೆಯ ತಪ್ಪು. ವಿಮೋಚನೆ, ವಿಲೀನ, ಪೊಲೀಸ ಕಾರ್ಯಾಚರಣೆ, ಉರ್ದು ಮನೆಗಳಲ್ಲಿ 'ಸುಕೂತೆ ಹೈದರಾಬಾದ' ಎಂದರೆ ಹೈದರಾಬಾದಿನ ಪತನ: ಇವೆಲ್ಲ ಒಂದೇ ವಾರದ ಹೆಸರುಗಳು. ನಮ್ಮ ಸೀಮೆಯಲ್ಲಿ ವಿಮೋಚನಾ ದಿನವೆನಿಸಿದ್ದುದು, 2019 ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದ ತರುವಾಯ ಕಲ್ಯಾಣ ಕರ್ನಾಟಕ ಉತ್ಸವವಾಯಿತು. 2022 ರಲ್ಲಿ ಹೈದರಾಬಾದ ನಗರದಲ್ಲಿ ಕೇಂದ್ರ ಸರ್ಕಾರವು ವಿಮೋಚನಾ ದಿನವೆಂದೂ, ತೆಲಂಗಾಣ ಸರ್ಕಾರವು ಐಕ್ಯತಾ ದಿನವೆಂದೂ ಒಂದೇ ದಿನವನ್ನು ಆಚರಿಸಿದವು. ರಜಾಕಾರರ ಭಯ ಕಳೆದು ಮನೆಗೆ ಮರಳಿದವನಿಗೆ ಅದು ವಿಮೋಚನೆಯೇ ಸರಿ. ಗಂಡನನ್ನು ಕಳೆದುಕೊಂಡವಳಿಗೆ ಆ ಶಬ್ದವು ಬಾಯಿಗೆ ಬಾರದಿದ್ದರೆ ಅದು ದೇಶದ್ರೋಹವಲ್ಲ, ದುಃಖ.

ಹಾಗಾದರೆ ಮಾಡತಕ್ಕುದೇನು? ಅಂದು ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರದಲ್ಲಿದ್ದಾರೆ. ಅವರ ಬಾಯಿಂದ ಬರುವುದನ್ನು ಈಗಲೇ ಬರೆದಿಡದಿದ್ದರೆ ಮುಂದೆ ಉಳಿಯುವುದು ವಾದ ಮಾತ್ರ. ಯಾವ ಓಣಿ, ಎಷ್ಟು ಮನೆ, ಯಾರು ಹೋದರು, ಯಾರು ಮರಳಿದರು, ಬಿಟ್ಟ ಹೊಲ ಯಾರ ಕೈಸೇರಿತು ಎಂಬುದನ್ನು ಹಳ್ಳಿಹಳ್ಳಿಗೆ ಕೇಳಿ ಬರೆಯಬೇಕು. ಸಂಸ್ಥಾನದ ಕಾಗದಪತ್ರಗಳು ಉರ್ದುವಿನಲ್ಲಿವೆ. ಅವುಗಳ ಮೇಲೆ ಫಸಲಿ ವರ್ಷವಿದೆ. 1357 ನೆಯ ಫಸಲಿಯೆಂದರೆ 1947-48 ಎಂದು ತಿಳಿದು ಓದಬಲ್ಲವರು ನಮ್ಮಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಕನ್ನಡದ ಅಭ್ಯಾಸಿಗಳೂ ಉರ್ದು ಬಲ್ಲವರೂ ಕೂಡಿ ಕುಳಿತಲ್ಲದೆ ಈ ಕೆಲಸವಾಗದು. ವಾದಿಸಲು ಎದುರುಬದುರಾಗಿ ಕುಳಿತವರು ಒಂದು ದಫ್ತರವನ್ನು ಓದಲು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಅದೇ ದೊಡ್ಡ ಲಾಭ.

ಹಾಗೆ ಕುಳಿತುಕೊಳ್ಳುವುದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಜೇವರ್ಗಿ ಸೀಮೆಯ ಕಡಕೋಳದಲ್ಲಿ ತತ್ತ್ವಪದಗಳನ್ನು ಹಾಡಿದ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಒಬ್ಬರು. ಆಳಂದದ ಲಾಡ್ಲೆ ಮಶಾಯಖರ ದರ್ಗಾಕ್ಕೆ ಹರಕೆ ಹೊತ್ತವರಲ್ಲಿ ಎರಡೂ ಮತದವರುಂಟು. ಈ ಸಂಬಂಧಗಳು 1948 ರಲ್ಲಿ ಎಲ್ಲರನ್ನೂ ಕಾಯಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ಕಾಯ್ದ ಕೆಲವರನ್ನು ಕಾಯುವಂತೆ ಮಾಡಿದುದು ಇಂಥ ಸಂಬಂಧವೇ ಅಲ್ಲದೆ ಬೇರೆಯಲ್ಲ. ಬರುವ ಸೆಪ್ಟೆಂಬರದಲ್ಲಿ ಮಕ್ಕಳು ಆ ದಿನಗಳ ವಿಷಯ ಕೇಳಿದಾಗ ವಾಚಕರು ಎರಡೂ ಬಂಡಿಗಳ ಕಥೆಯನ್ನು ಹೇಳಲೆಂದು ನಮ್ಮ ವಿಜ್ಞಾಪನೆ: ಭೀಮೆಯನ್ನು ದಾಟಿ ಹೋಗಿ ಮರಳಿ ಬಂದ ಬಂಡಿಯದು, ಹೈದರಾಬಾದಿನ ದಾರಿ ಹಿಡಿದು ಮರಳದೆ ಹೋದ ಬಂಡಿಯದು.